ಗಣಕಯಂತ್ರದ ನಿದ್ರೆ: ಒಂದು ವಿಚಾರ

ಸಂಜೆ ಐದೂವರೆ ಗಂಟೆಗೆ ನಮ್ಮ ಕಾಲೇಜಿನ ಗಣಕಯಂತ್ರದ ಕೊಠಡಿಗೆ ಬೀಗ ಬೀಳುತ್ತದೆ. ಆ ಮೇಲೆ ಕಿಟಕಿಯಲ್ಲಿ ಇಣುಕಿ ನೋಡಿದವರಿಗೆ ಇಪ್ಪತ್ತು ಯಂತ್ರಗಳ ಇಪ್ಪತ್ತು ಪುಟ್ಟ ದೀಪಗಳು ಕತ್ತಲೆಯಲ್ಲಿ ಉರಿಯುತ್ತಿರುವುದು ಕಾಣುತ್ತದೆ. ಅವು ಯಾರಿಗಾಗಿ ಎಚ್ಚರವಾಗಿವೆ? ಮರುದಿನ ಬೆಳಿಗ್ಗೆಯವರೆಗೆ ಅಲ್ಲಿಗೆ ಯಾರೂ ಬರುವುದಿಲ್ಲ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಮೊದಲು ಅವುಗಳನ್ನು ದಿನವೂ ಆರಿಸಿಯೇ ಹೋಗುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಪ್ರಾಯೋಗಿಕ ತರಗತಿಗೆ ಬಂದ ನಾವು ಅವು ಏಳುವುದನ್ನೇ ಕಾಯುತ್ತ ಕುಳಿತಿರುತ್ತಿದ್ದೆವು. ಹಳೆಯ ಯಂತ್ರಗಳು, ಎದ್ದೊಡನೆ ತಂತ್ರಾಂಶದ ಹೊಸ ತಿದ್ದುಪಡಿಗಳನ್ನು ತುಂಬಿಕೊಳ್ಳಲು ತೊಡಗುತ್ತಿದ್ದವು. ಒಂದು ಗಂಟೆಯ ತರಗತಿಯಲ್ಲಿ ಇಪ್ಪತ್ತು ನಿಮಿಷ ಹೀಗೆ ಕಳೆದುಹೋದದ್ದುಂಟು. ಮನೆಯಲ್ಲಿ ಗಣಕಯಂತ್ರವಿಲ್ಲದೆ, ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ವಿದ್ಯಾರ್ಥಿಗೆ ವಾರದಲ್ಲಿ ದೊರೆಯುವುದು ಆ ಒಂದೇ ಗಂಟೆ. ನಾವು ದೂರು ಹೇಳಿದೆವು. ಬಾಗಿಲಿಗೆ ‘ಯಂತ್ರಗಳನ್ನು ಆರಿಸಬಾರದು’ ಎಂಬ ಚೀಟಿ ಅಂಟಿತು. ಒಂದು ತೊಂದರೆ ಹೋಗಿ ಇನ್ನೊಂದು ಬಂದಿತು.

ಆರಿಸುವುದೂ ಬೇಡ, ರಾತ್ರಿಯೆಲ್ಲ ಉರಿಸುವುದೂ ಬೇಡ. ಯಂತ್ರಗಳು ಸಂಜೆ ತಾವಾಗಿ ನಿದ್ರಿಸಿ, ಬೆಳಿಗ್ಗೆ ನಾವು ಬರುವ ಮುನ್ನ ತಾವಾಗಿ ಏಳಲಿ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಒಂದು ಕಾಸಿನ ಹೊಸ ಸಾಮಾನೂ ಬೇಕಿಲ್ಲ. ಬೇಕಾದ ಗಡಿಯಾರ ಪ್ರತಿಯೊಂದು ಯಂತ್ರದೊಳಗೂ ಆಗಲೇ ಇದೆ.

ಕಲಾ ವಿಭಾಗದ ನಮಗೆ ಇದು ಹೊಸ ವಿಷಯವಾಗಿ ತೋರಬಹುದು. ಆದ್ದರಿಂದ ನಾಲ್ಕು ಮಾತು ವಿವರಿಸುತ್ತೇನೆ. ಗಣಕಯಂತ್ರದ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು ಮೂರು ವೋಲ್ಟಿನದು, ಇಪ್ಪತ್ತು ಮಿಲಿಮೀಟರ್ ಅಗಲದ್ದು. ಇಡೀ ಯಂತ್ರ ಆರಿರುವಾಗಲೂ ಇದರ ಬಲದಿಂದ ಒಂದು ಪುಟ್ಟ ಗಡಿಯಾರ ನಡೆಯುತ್ತಲೇ ಇರುತ್ತದೆ. ಅದರಲ್ಲಿರುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆಂದು ಕೇಳಬಹುದು. ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡಿನ ಮಿಡಿತ. ನಮ್ಮ ಕೈಗಡಿಯಾರಗಳಲ್ಲಿರುವುದೂ ಬಹುಮಟ್ಟಿಗೆ ಇದೇ ಹರಳು.

1981ರಲ್ಲಿ ಹೊರಬಂದ ಐಬಿಎಂ ಕಂಪನಿಯ ಮೊದಲ ಪಿಸಿಯಲ್ಲಿ ಈ ಸೌಕರ್ಯವಿರಲಿಲ್ಲ. ಹೊತ್ತಿಸಿದಾಗಲೆಲ್ಲ ತಾರೀಖನ್ನೂ ವೇಳೆಯನ್ನೂ ಮನುಷ್ಯನೇ ಬೆರಳಚ್ಚು ಮಾಡಿ ತಿಳಿಸಬೇಕಾಗಿತ್ತು. 1984ರ ಅದೇ ಕಂಪನಿಯ ಎಟಿ ಎಂಬ ಮಾದರಿಯಲ್ಲಿ ಬ್ಯಾಟರಿಯ ಗಡಿಯಾರ ಬಂದಿತು. ಅದರಲ್ಲಿದ್ದ ಮೊಟೊರೊಲಾ ಕಂಪನಿಯ ಚಿಪ್ಪಿನಲ್ಲಿ ವೇಳೆಯ ಜೊತೆಗೆ ಅಲಾರಂ ಇಡಲೂ ಜಾಗವಿತ್ತು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಸೇರಿ ಎಸಿಪಿಐ ಎಂಬ ನಿಯಮಾವಳಿಯನ್ನು ಪ್ರಕಟಿಸಿದವು. ಯಂತ್ರ ಹೇಗೆ ನಿದ್ರಿಸಬೇಕು, ಯಾವುದರಿಂದ ಏಳಬೇಕು ಎಂಬುದಕ್ಕೆ ಒಂದು ಕ್ರಮ ಏರ್ಪಟ್ಟಿತು.

ಆ ಕ್ರಮದಲ್ಲಿ ನಮಗೆ ಬೇಕಾದ ನಿದ್ರೆಗಳು ಎರಡು. ಒಂದು ಕೋಳಿನಿದ್ರೆ: ಯಂತ್ರದ ಉಳಿದ ಭಾಗಗಳು ಆರುತ್ತವೆ, ನೆನಪಿನ ಭಾಗಕ್ಕೆ ಮಾತ್ರ ತುಸು ವಿದ್ಯುತ್ತು ಹರಿಯುತ್ತಿರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರವಾಗುತ್ತದೆ. ಇನ್ನೊಂದು ಗಾಢನಿದ್ರೆ: ನೆನಪಿನಲ್ಲಿದ್ದುದನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ಪೂರ್ತಿ ಆರುತ್ತದೆ. ಏಳುವುದು ಸ್ವಲ್ಪ ನಿಧಾನ. ಆದರೆ ನಡುವೆ ಕರೆಂಟು ಹೋದರೂ ಬರೆದಿಟ್ಟದ್ದಕ್ಕೆ ಅಪಾಯವಿಲ್ಲ. ಲಿನಕ್ಸ್ ಇರುವ ಯಂತ್ರಕ್ಕೆ ಆರ್‌ಟಿಸಿವೇಕ್ ಎಂಬ ಒಂದು ಆಜ್ಞೆಯನ್ನು ಕೊಟ್ಟು, ಯಾವ ನಿದ್ರೆ, ಎಷ್ಟು ಸೆಕೆಂಡು ಎಂದು ತಿಳಿಸಿದರೆ ಸಾಕು. ಸಂಜೆ ಐದೂವರೆಯಿಂದ ಬೆಳಿಗ್ಗೆ ಎಂಟೂವರೆಯವರೆಗೆ ಹದಿನೈದು ಗಂಟೆ, ಅಂದರೆ 54,000 ಸೆಕೆಂಡು. ವಿಂಡೋಸ್‌ನಲ್ಲಿ ಟಾಸ್ಕ್ ಷೆಡ್ಯೂಲರ್ ಎಂಬಲ್ಲಿ ಇದೇ ಏರ್ಪಾಟುಂಟು. ಯಂತ್ರದ ಮೂಲ ವ್ಯವಸ್ಥೆಯಾದ ಬಯಾಸ್‌ನಲ್ಲಿಯೂ ಬಹಳಷ್ಟು ಮಾದರಿಗಳಲ್ಲಿ ದಿನದ ಅಲಾರಂ ಇಡಬಹುದು.

ಇನ್ನು ಲೆಕ್ಕಕ್ಕೆ ಬರೋಣ. ಕೆಲಸವಿಲ್ಲದೆ ಸುಮ್ಮನೆ ಎಚ್ಚರವಾಗಿರುವ ಒಂದು ಮೇಜಿನ ಗಣಕಯಂತ್ರ 50 ವಾಟ್ ತಿನ್ನುತ್ತದೆಂದು ಹಿಡಿಯೋಣ. ಇಪ್ಪತ್ತು ಯಂತ್ರಕ್ಕೆ ಒಂದು ಕಿಲೋವಾಟ್. ಹದಿನೈದು ಗಂಟೆಗೆ 15 ಯೂನಿಟ್. ಕೋಳಿನಿದ್ರೆಯಲ್ಲಿ ಒಂದೊಂದಕ್ಕೆ 2 ವಾಟ್ ಎಂದರೆ ಇಪ್ಪತ್ತಕ್ಕೂ ಸೇರಿ ರಾತ್ರಿಗೆ ಒಂದು ಯೂನಿಟ್ಟೂ ಆಗದು. ಉಳಿಯುವುದು ರಾತ್ರಿಯೊಂದಕ್ಕೆ 14 ಯೂನಿಟ್‌ಗಿಂತ ಹೆಚ್ಚು. 20 ವಾಟಿನ ಹತ್ತು ಎಲ್‌ಇಡಿ ಕೊಳವೆದೀಪಗಳನ್ನು ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳು ಉರಿಸಿದರೂ ಖರ್ಚಾಗುವುದು 12 ಯೂನಿಟ್ ಮಾತ್ರ. ಪರೀಕ್ಷೆಯ ದಿನಗಳಲ್ಲಿ ಗ್ರಂಥಭಂಡಾರವನ್ನು ಸಂಜೆ ಇನ್ನೆರಡು ಗಂಟೆ ತೆರೆದಿಡಿ ಎಂದು ನಾವು ಬೇಡಿದಾಗ ವಿದ್ಯುತ್ತಿನ ವೆಚ್ಚದ ಮಾತು ಬಂದಿತ್ತು. ದೀಪವೊಂದೇ ಸಾಲದು, ಅಲ್ಲಿ ಕೂರಲು ಸಿಬ್ಬಂದಿಯೂ ಬೇಕೆಂಬುದನ್ನು ಬಲ್ಲೆ. ಆದರೆ ಬೀಗ ಹಾಕಿದ ಕೊಠಡಿಯಲ್ಲಿ ಯಂತ್ರಗಳು ಒಂದು ರಾತ್ರಿ ತಿನ್ನುವುದರಲ್ಲಿ ಓದುವವರಿಗೆ ಒಂದು ತಿಂಗಳ ಬೆಳಕು ಸಿಗುತ್ತದೆಂದ ಮೇಲೆ, ದೀಪದ ನೆಪವನ್ನಾದರೂ ಕೈಬಿಡಬಹುದಲ್ಲವೆ?

ಇದನ್ನು ಪ್ರಯೋಗಿಸಿಯೇ ನೋಡೋಣವೆಂದು ಅಧ್ಯಾಪಕರ ಅನುಮತಿ ಪಡೆದು ನಾವು ಮೂವರು ಐದು ಯಂತ್ರಗಳ ಬಯಾಸ್‌ನಲ್ಲಿ ಎಂಟೂವರೆಗೆ ಅಲಾರಂ ಇಟ್ಟೆವು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಐದೂ ಗಾಢವಾಗಿ ಮಲಗಿದ್ದವು. ಸ್ನೇಹಿತರು ನಕ್ಕರು. ಮಧ್ಯಾಹ್ನ ಎರಡು ಗಂಟೆಗೆ, ಕೊಠಡಿಯಲ್ಲಿ ಯಾರೂ ಇಲ್ಲದಾಗ, ಐದೂ ಒಟ್ಟಿಗೆ ಎದ್ದು ಗುಂಯ್‌ಗುಟ್ಟಿದವು. ಕಸ ಗುಡಿಸಲು ಹೋಗಿದ್ದ ಅಟೆಂಡರು ಹೊರಗೆ ಓಡಿಬಂದು, “ಏನು ಮಾಡಿಟ್ಟಿದ್ದೀರಪ್ಪಾ ಅದಕ್ಕೆ?” ಎಂದು ನಮ್ಮನ್ನು ಗದರಿಸಿದರು.

ತಪ್ಪು ನಮ್ಮದೇ. ಆ ಯಂತ್ರಗಳಲ್ಲಿದ್ದ ಲಿನಕ್ಸ್ ಒಳಗಿನ ಗಡಿಯಾರವನ್ನು ವಿಶ್ವಕಾಲಮಾನದಲ್ಲಿ ಇಟ್ಟುಕೊಂಡಿತ್ತು. ವಿಂಡೋಸ್ ಆದರೆ ವಾಡಿಕೆಯಾಗಿ ಸ್ಥಳೀಯ ವೇಳೆಯಲ್ಲಿ ಇಡುತ್ತದೆ. ಭಾರತದ ಕಾಲಮಾನ ವಿಶ್ವಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದು. ಗಡಿಯಾರ ಎಂಟೂವರೆ ತೋರಿದಾಗ ನಮಗೆ ಎರಡು ಗಂಟೆ. ಬಯಾಸ್‌ನ ಪರದೆಯ ಮೇಲೆಯೇ ವೇಳೆ ಅಷ್ಟು ಹಿಂದಿದ್ದುದನ್ನು ಮೂವರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಅಲಾರಮನ್ನು ಮೂರು ಗಂಟೆಗೆ ತಿದ್ದಿದ ಮೇಲೆ ಯಂತ್ರಗಳು ಬೆಳಿಗ್ಗೆ ಎಂಟೂವರೆಗೇ ಎದ್ದವು. ನಾವು ಬರುವಷ್ಟರಲ್ಲಿ ತಿದ್ದುಪಡಿಗಳನ್ನೂ ಮುಗಿಸಿ ಸಿದ್ಧವಾಗಿದ್ದವು. ಆ ದಿನ ಒಂಬತ್ತಕ್ಕೆ ಕುಳಿತವರು ಒಂಬತ್ತಕ್ಕೇ ಕೆಲಸ ತೊಡಗಿದರು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ರಾತ್ರಿ ಕರೆಂಟು ಹೋದರೆ ಗತಿಯೇನು ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನಾಣ್ಯದ ಬ್ಯಾಟರಿ ಗಡಿಯಾರವನ್ನು ನಡೆಸಬಲ್ಲುದೇ ಹೊರತು ಯಂತ್ರವನ್ನು ಎಬ್ಬಿಸಲಾರದು. ಏಳುವ ಹೊತ್ತಿಗೆ ಕರೆಂಟು ಇರಲೇಬೇಕು. ಆದ್ದರಿಂದ ಗೋಡೆಯ ಸ್ವಿಚ್ಚನ್ನು ಆರಿಸಿ ಹೋಗಬಾರದು; ಮಳೆಗಾಲದಲ್ಲಿ ಗಾಢನಿದ್ರೆಯನ್ನೇ ಆರಿಸಿಕೊಳ್ಳಬೇಕು. ಸಿಡಿಲಿನ ಭಯವಿದ್ದ ದಿನ ಪೂರ್ತಿ ತೆಗೆದುಬಿಡುವುದೇ ಕ್ಷೇಮ. ಮರುದಿನ ಇಪ್ಪತ್ತು ನಿಮಿಷ ಹೋದರೂ ಹೋಗಲಿ. ಬ್ಯಾಟರಿಯೇ ಸತ್ತರೆ ತಾರೀಖು ಹಿಂದಕ್ಕೆ ಜಿಗಿದು, ಅಲಾರಮಿನ ಮಾತಿರಲಿ, ಸುರಕ್ಷಿತ ಜಾಲತಾಣಗಳೂ ತೆರೆಯುವುದಿಲ್ಲ. ಆದ್ದರಿಂದ ಅದನ್ನು ಆಗಾಗ ನೋಡಿ ಬದಲಿಸಬೇಕು.

ಎರಡನೆಯ ಆಕ್ಷೇಪಣೆ ಹಿರಿಯರೊಬ್ಬರದು. ಇದು ಸೋಮಾರಿತನದ ದಾರಿ, ಒಂದು ಗುಂಡಿ ಒತ್ತಲೂ ನಿಮಗೆ ಬೇಸರವೆ ಎಂದು ಅವರು ಕೇಳಿದರು. ಅವರ ಮಾತಿಗೆ ಗೌರವವಿದೆ, ಒಪ್ಪಿಗೆಯಿಲ್ಲ. ಗುಂಡಿ ಒತ್ತಬೇಕಾದವರು ನಾವಲ್ಲ, ಅಟೆಂಡರು. ಅವರಿಗೆ ಮೂರು ಕೊಠಡಿ, ಒಂದು ಕಚೇರಿ, ಎರಡು ಗಂಟೆಗೊಮ್ಮೆ ಬರುವ ನೀರಿನ ಚಿಂತೆ. ಒಂದು ಸಂಜೆ ಮರೆತರೆ ಮರುದಿನ ಬೈಗುಳ ಅವರಿಗೆ. ಒಬ್ಬ ಮನುಷ್ಯನ ನೆನಪಿನ ಮೇಲೆ ಇಪ್ಪತ್ತು ಯಂತ್ರಗಳ ಭಾರವನ್ನು ಹೊರಿಸಿ, ಅದನ್ನು ನಾವು ಶಿಸ್ತು ಎಂದು ಕರೆಯುವುದು ಸರಿಯಲ್ಲ. ನೆನಪಿಡುವುದಕ್ಕೆಂದೇ ಹುಟ್ಟಿದ ಗಡಿಯಾರ ಅಲ್ಲಿರುವಾಗ ಆ ಕೆಲಸವನ್ನು ಅದಕ್ಕೆ ಬಿಡೋಣ.

ಹಾಗೆಂದು ಎಲ್ಲವನ್ನೂ ಗಡಿಯಾರಕ್ಕೆ ಬಿಡಲಾಗದು. ಅದಕ್ಕೆ ಭಾನುವಾರ ತಿಳಿಯದು, ಯುಗಾದಿ ತಿಳಿಯದು, ಸ್ಥಳೀಯ ರಜೆ ತಿಳಿಯದು. ಯಾವ ದಿನ ಏಳಬೇಕು, ಯಾವ ದಿನ ಮಲಗಿರಬೇಕು ಎಂಬುದನ್ನು ಮನುಷ್ಯರೇ ಕುಳಿತು ಗೊತ್ತುಮಾಡಬೇಕು. ವರ್ಷಾರಂಭದಲ್ಲಿ ತರಗತಿಯ ವೇಳಾಪಟ್ಟಿ ಬರೆಯುವಾಗಲೇ ಅಧ್ಯಾಪಕರೂ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳೂ ಅಟೆಂಡರೂ ಸೇರಿ ಯಂತ್ರಗಳ ವೇಳಾಪಟ್ಟಿಯನ್ನೂ ಬರೆಯಲಿ. ಅದನ್ನು ಕೊಠಡಿಯ ಬಾಗಿಲಿಗೆ ಅಂಟಿಸಲಿ. ಈಗ ಅಲ್ಲಿರುವ ಹಳೆಯ ಚೀಟಿಯನ್ನು ಕೀಳಲು ನಾನೇ ಬರುತ್ತೇನೆ.