ಕ್ಯಾಲ್ಕುಲೇಟರ್ ಪರದೆಯೂ ಬೋಧನೋಪಕರಣವೇ

ಹತ್ತನೇ ತರಗತಿಯ ಬೆಳಕಿನ ಘಟಕಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಯ್ಯುವುದು ಕಿರಣ ಚಿತ್ರದ ಬಣ್ಣದ ಚಾರ್ಟು. ಬೋಧನೋಪಕರಣಕ್ಕೆಂದು ಇಟ್ಟ ಅಂಕವೂ ಅದಕ್ಕೆ ಸಿಗುತ್ತದೆ. ಆದರೆ ಚಾರ್ಟು ಉತ್ತರವನ್ನು ಮೊದಲೇ ಹೇಳಿಬಿಡುತ್ತದೆ. ಮಕ್ಕಳು ಊಹಿಸಲು ಏನೂ ಉಳಿಯುವುದಿಲ್ಲ. ಅಂಗಡಿಯ ಗಲ್ಲೆಯ ಮೇಲಿರುವ ಕ್ಯಾಲ್ಕುಲೇಟರ್ ಇದಕ್ಕಿಂತ ಒಳ್ಳೆಯ ಉಪಕರಣ ಎಂಬುದು ನನ್ನ ಅಭಿಪ್ರಾಯ.

ಪರದೆಯೇ ಬೆಳಕು ಕೊಡುತ್ತದೆ ಎಂದು ಮಕ್ಕಳು ತಿಳಿದಿರುತ್ತಾರೆ. ಕತ್ತಲಲ್ಲಿ ಕ್ಯಾಲ್ಕುಲೇಟರಿನ ಅಂಕಿ ಕಾಣಿಸುವುದೇ ಎಂದು ಕೇಳಿ. ಬಳಿಕ ಅದರ ಮೇಲೆ ಪೋಲರಾಯ್ಡ್ ಹಾಳೆಯೊಂದನ್ನಿಟ್ಟು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಇಡೀ ಪರದೆ ಕಪ್ಪಾಗುತ್ತದೆ. ದ್ರವ ಸ್ಫಟಿಕ ಬೆಳಕನ್ನು ಹುಟ್ಟಿಸುವುದಿಲ್ಲ, ನಲ್ಲಿಯಂತೆ ಅದನ್ನು ನಿಯಂತ್ರಿಸುತ್ತದೆ. 1971ರಲ್ಲಿ ಶಾಟ್ ಮತ್ತು ಹೆಲ್‌ಫ್ರಿಕ್ ಪ್ರಕಟಿಸಿದ ವಿನ್ಯಾಸದಲ್ಲಿ ಅಣುಗಳ ಸಾಲು 90 ಡಿಗ್ರಿ ತಿರುಚಿಕೊಂಡಿದ್ದು, ಬೆಳಕಿನ ಧ್ರುವೀಕರಣವನ್ನೂ ಅಷ್ಟೇ ತಿರುಗಿಸುತ್ತದೆ. ವೋಲ್ಟೇಜ್ ಕೊಟ್ಟರೆ ತಿರುಚು ಬಿಚ್ಚಿಕೊಳ್ಳುತ್ತದೆ. ಎರಡನೇ ಧ್ರುವಕ ಬೆಳಕನ್ನು ತಡೆಯುತ್ತದೆ.

ಈ ನಲ್ಲಿಗಳನ್ನು ಸಾಲುಸಾಲಾಗಿ ಜೋಡಿಸಿದರೆ ಚಿತ್ರವನ್ನೇ ಲೇಸರ್ ಕಿರಣದ ಮೇಲೆ ಬರೆಯಬಹುದು. 1980ರ ದಶಕದಲ್ಲಿ ಸಂಶೋಧಕರು ಪುಟ್ಟ ಎಲ್‌ಸಿಡಿ ಟಿವಿಗಳ ಪರದೆಯನ್ನೇ ಇದಕ್ಕೆ ಬಳಸಿದರು. ಆ ಬೆಳಕು ಮಸೂರವನ್ನು ದಾಟಿದಾಗ ನಾಭಿತಲದಲ್ಲಿ ಚಿತ್ರದ ಗೆರೆಗಳೆಲ್ಲ ಚುಕ್ಕೆಗಳಾಗಿ ವಿಂಗಡಣೆಯಾಗುತ್ತವೆ. ಬೇಡದ ಚುಕ್ಕೆಗಳನ್ನು ಅಲ್ಲೇ ತಡೆದರೆ ಮುಂದೆ ಮೂಡುವ ಚಿತ್ರ ಬದಲಾಗುತ್ತದೆ. ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಸಣ್ಣ ತಂತಿ ಜಾಲರಿಯಿಂದಲೂ ಇದನ್ನು ತೋರಿಸಬಹುದು: ನಾಭಿತಲದಲ್ಲಿ ಲಂಬವಾದ ಸೀಳು ಇಟ್ಟರೆ ಜಾಲರಿಯ ಅಡ್ಡಗೆರೆಗಳು ಮಾತ್ರ ಉಳಿಯುತ್ತವೆ. ಎಲ್‌ಸಿಡಿಯ ಲಾಭವೆಂದರೆ ಪ್ರತಿ ಚಿತ್ರಕ್ಕೂ ಹೊಸ ಸ್ಲೈಡ್ ಬೇಕಿಲ್ಲ. ಕಂಪ್ಯೂಟರಿನಿಂದಲೇ ಚಿತ್ರ ಬದಲಿಸಬಹುದು.

ಧ್ರುವೀಕರಣ ಹತ್ತನೇ ತರಗತಿಯ ಪಠ್ಯದಲ್ಲಿಲ್ಲ, 40 ನಿಮಿಷದ ಅವಧಿ ಸಾಲದು ಎಂಬ ಆಕ್ಷೇಪ ನ್ಯಾಯವೇ. ಲೇಸರ್ ಪ್ರಯೋಗವನ್ನು ಪ್ರೌಢಶಾಲೆಗೆ ಒಯ್ಯಬೇಕೆಂದು ನಾನು ಹೇಳುತ್ತಿಲ್ಲ. ಕಣ್ಣಿನ ಸುರಕ್ಷತೆಯ ಪ್ರಶ್ನೆಯೂ ಇದೆ. ಅದು ನಮ್ಮ ವಿಷಯಜ್ಞಾನಕ್ಕೆ ಬೇಕಾದದ್ದು. ಮಕ್ಕಳಿಗೆ ಹಾಳೆ ಮತ್ತು ಕ್ಯಾಲ್ಕುಲೇಟರ್ ಸಾಕು, ಹತ್ತು ನಿಮಿಷ ಸಾಕು. ಮಸೂರವೆಂದರೆ ಪ್ರತಿಬಿಂಬ ಮೂಡಿಸುವ ಗಾಜು ಮಾತ್ರ ಎಂದು ತಿಳಿದ ಶಿಕ್ಷಕರು ಅಷ್ಟನ್ನೇ ಕಲಿಸುತ್ತಾರೆ.

ಮಾರ್ಗದರ್ಶಕ ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದೇ: ಪಾಠ ವೀಕ್ಷಿಸುವಾಗ ಚಾರ್ಟಿನ ಅಂದಕ್ಕಲ್ಲ, ಉಪಕರಣ ಎಬ್ಬಿಸಿದ ಪ್ರಶ್ನೆಗಳಿಗೆ ಅಂಕ ಕೊಡಿ.