ಕೆಂಪು ನೆಲವನ್ನು ಒಡೆಸುವ ಮುನ್ನ

ಕಳೆದ ಶ್ರಾವಣದ ಒಂದು ಸೋಮವಾರ ಬಸವೇಶ್ವರನಗರದ ಬಂಧುಗಳೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ನಾಲ್ಕು ದಶಕಗಳ ಹಿಂದೆ, 30ಕ್ಕೆ 40 ಅಡಿಯ ನಿವೇಶನದಲ್ಲಿ ಕಟ್ಟಿಸಿದ ಮನೆ ಅದು. ನಡುಮನೆಯ ನೆಲ ಅಂದಿನ ರೂಢಿಯಂತೆ ರೆಡ್ ಆಕ್ಸೈಡಿನ ಗಾರೆಯದು. ಓಡಾಡಿದ ಪಾದಗಳಿಂದಲೇ ಹೊಳಪು ಪಡೆದು ಕನ್ನಡಿಯಂತಾಗಿತ್ತು. ಊಟದ ನಡುವೆ ಮನೆಯ ಹಿರಿಯ ಮಗ, ದೀಪಾವಳಿಯ ಹೊತ್ತಿಗೆ ಇದನ್ನೆಲ್ಲ ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದಾಗಿ ಹೇಳಿದರು. ಬಡಿಸುತ್ತಿದ್ದ ತಾಯಿ ಕೈ ನಿಲ್ಲಿಸಿ, "ಗೋಡೆಗೆ ಏನು ಬೇಕಾದರೂ ಬಳಿಸಪ್ಪ, ನೆಲ ಮಾತ್ರ ಮುಟ್ಟಬೇಡ" ಎಂದರು. ಆಮೇಲೆ ಅಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಈ ವಿಷಯದಲ್ಲಿ ನಾವು ಆ ತಾಯಿಯ ಪಕ್ಷ. ಏಕೆಂದರೆ ಒಡೆಸುವ ತಪ್ಪನ್ನು ನಾವು ಮಾಡಿ ನೋಡಿದ್ದೇವೆ. ರಾಜಾಜಿನಗರದ ನಮ್ಮ ಹಳೆಯ ಮನೆಯ ನೆಲವನ್ನು ಅಗೆಸಿ, ಅಂಗಡಿಯ ದೀಪದ ಬೆಳಕಿನಲ್ಲಿ ಥಳಥಳಿಸಿದ ಬಿಳಿ ಟೈಲುಗಳನ್ನು ತಂದು ಹಾಸಿಸಿದೆವು. ಮೊದಲ ಮಳೆಗಾಲದಲ್ಲೇ ನಮ್ಮ ಅತ್ತೆಯವರು ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ತಪ್ಪು ಟೈಲಿನದಲ್ಲ, ಹಿರಿಯರಿರುವ ಮನೆಗೆ ಅಷ್ಟು ನುಣುಪಾದದ್ದನ್ನು ಆರಿಸಿದ ನಮ್ಮದು. ಎಣ್ಣೆ ಹೆಚ್ಚಾದರೆ ಕೆಂಪು ನೆಲವೂ ಜಾರುತ್ತದೆ ಎಂಬುದನ್ನು ಮರೆಮಾಚುವುದಿಲ್ಲ.

ಇಂದು ನಗರದ ಗೃಹಾಲಂಕಾರದವರು ನೈಸರ್ಗಿಕ ವಸ್ತುಗಳು, ಮಣ್ಣಿನ ಬಣ್ಣ, ಕೈಕೆಲಸದ ಮೈವಳಿಕೆ ಎಂದು ಹೊಸದಾಗಿ ಹೇಳುತ್ತಿದ್ದಾರೆ. ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ಅದು ಕಾಲಡಿಯಲ್ಲೇ ಇದೆ. ಹಣ ಕೊಟ್ಟು ಅದನ್ನು ಅಗೆಸಿ, ಅದನ್ನೇ ಹೋಲುವ ಕೃತಕ ಹಾಸನ್ನು ಹಣ ಕೊಟ್ಟು ತರುತ್ತಿದ್ದೇವೆ.

ಕೆಂಪು ನೆಲ ಪೂರ್ತಿ ನೈಸರ್ಗಿಕವೆಂದರೆ ಸುಳ್ಳಾದೀತು. ಅದರಲ್ಲಿ ಸಿಮೆಂಟ್ ಇದೆ. ಬಣ್ಣ ಮಾತ್ರ ಕಬ್ಬಿಣದ ಆಕ್ಸೈಡಿನದು, ಕೆಮ್ಮಣ್ಣಿಗೆ ಕೆಂಪು ಬರುವುದೂ ಅದರಿಂದಲೇ. ಕಾಂಕ್ರೀಟಿನ ತಳದ ಮೇಲೆ ಗಾರೆ ಹಾಸಿ, ಅದು ಹಸಿಯಿರುವಾಗಲೇ ಸಿಮೆಂಟಿನೊಡನೆ ಜರಡಿ ಹಿಡಿದು ಬೆರೆಸಿದ ಬಣ್ಣದ ಪದರವನ್ನು ಕೂಡಿಸಿ, ಕರಣೆಯಿಂದ ಒತ್ತಿ ಒತ್ತಿ ತೀಡಬೇಕು. ಒಂದು ಕೋಣೆಯನ್ನು ಹಿಡಿದರೆ ಅದೇ ದಿನ ಮುಗಿಸಬೇಕು. ಮರುದಿನಕ್ಕೆ ಉಳಿಸಿದರೆ ಸೇರಿಸಿದ ಗೆರೆ ಜನ್ಮವಿಡೀ ಕಾಣುತ್ತದೆ. ಆ ಮೇಲೆ ವಾರಕ್ಕೂ ಮಿಕ್ಕಿ ನೀರುಣಿಸಬೇಕು. ದೊಡ್ಡ ಹಜಾರವಾದರೆ ಬಿರುಕು ಹರಡದಿರಲೆಂದು ನಡುನಡುವೆ ಗಾಜಿನ ಪಟ್ಟಿ ಕೂರಿಸುತ್ತಿದ್ದರು. ಅಂದರೆ ಇಲ್ಲಿ ಸಾಮಗ್ರಿಯ ಬೆಲೆ ಅಲ್ಪ, ಬೆಲೆಯೆಲ್ಲ ಮೇಸ್ತ್ರಿಯ ಕೈಗೆ, ಮೊಣಕಾಲಿಗೆ.

ಅಪ್ಪಟ ನೈಸರ್ಗಿಕವೇ ಬೇಕೆನ್ನುವವರಿಗೆ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇದೆ. ಅದು ಸುಣ್ಣದ ಕಲ್ಲು; ಆದ್ದರಿಂದ ನಿಂಬೆರಸ, ಆಸಿಡ್ ತಾಗಿದರೆ ಕಲೆಯಾಗುತ್ತದೆ. ಬಚ್ಚಲಿಗೂ ಹಿತ್ತಲಿಗೂ ಉಳಿಪೆಟ್ಟಿನ ಒರಟು ಗ್ರಾನೈಟ್ ಚಪ್ಪಡಿಯೇ ಲೇಸು, ಕಾಲು ನಿಲ್ಲುತ್ತದೆ. ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡುವ ಮನೆಗಳಲ್ಲಿ ಚಳಿಗಾಲಕ್ಕೆ ಮರದ ಮಣೆ, ಉಣ್ಣೆಯ ಕಂಬಳಿ ಬೇಕೇ ಬೇಕು. ಹೆಣ್ಣುಮಕ್ಕಳು ನೇಯುವ ನವಲಗುಂದದ ಜಮಖಾನೆ ಕೆಂಪು ನೆಲದ ಮೇಲೆ ಬಿದ್ದಾಗ ಬೇರೆ ಯಾವ ಅಲಂಕಾರವೂ ಬೇಡವೆನಿಸುತ್ತದೆ.

ಹಳೆಯ ಕೆಂಪು ನೆಲ ಇದ್ದವರು ಬಚ್ಚಲು ತೊಳೆಯುವ ಆಸಿಡನ್ನು ಅದರ ಹತ್ತಿರ ತರಬೇಡಿ. ದಿನವೂ ಬರಿಯ ನೀರಿನಲ್ಲಿ ಒರೆಸಿದರೆ ಸಾಕು. ಎಂದಾದರೊಮ್ಮೆ ಬಟ್ಟೆಗೆ ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಹಚ್ಚಿ ಉಜ್ಜಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆಯಿರಿ. ಬಿಳಿ ಉಪ್ಪು ಮೇಲೇಳುತ್ತಿದ್ದರೆ ತಳದಲ್ಲಿ ತೇವವಿದೆ ಎಂದರ್ಥ. ಮೊದಲು ಸೋರುವ ಕೊಳಾಯಿಯನ್ನು ಹುಡುಕಿಸಿ.

ಕೆಂಗೇರಿಯ ಕಡೆ ಹೊಸದಾಗಿ ಕಟ್ಟಿಸುವವರಿಗೆ ಗೋಡೆಯ ವಿಷಯವಾಗಿಯೂ ಒಂದು ಮಾತು. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಅಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು, ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ರೂಢಿಗೆ ತಂದರು. ಗೂಡಿನಲ್ಲಿ ಸುಡುವ ಕೆಲಸವಿಲ್ಲ, ಸೌದೆ ಬೇಡ. ಸೂರಿನ ಅಂಚು ಮುಂದೆ ಚಾಚಿದ್ದರೆ ಹೊರಗಾರೆಯಿಲ್ಲದೆಯೂ ಅದು ನಿಲ್ಲುತ್ತದೆ, ನೋಟಕ್ಕೂ ಸೊಗಸು.

ಬಸವೇಶ್ವರನಗರದ ಮನೆಗೆ ಕಾರ್ತಿಕದಲ್ಲಿ ಮತ್ತೆ ಹೋದೆವು. ಅಡುಗೆಮನೆಯ ನೆಲ ಉಳಿದಿರಲಿಲ್ಲ. ಕೊಳಾಯಿ ಬದಲಿಸಲು ಅಗೆದದ್ದರಿಂದ ಅಲ್ಲಿ ತುಸು ಒರಟಾದ ಟೈಲು ಬಂದಿತ್ತು. ನಡುಮನೆಯ ನೆಲ ಉಳಿದಿತ್ತು. ತಾಯಿಯ ಹಟದ ಕಾರಣವೂ ಆಗಲೇ ತಿಳಿಯಿತು. ಜಮಖಾನೆಯನ್ನು ಮಡಿಸಿ ಅವರು ತೋರಿಸಿದರು: ನೆಲ ಹಸಿಯಿದ್ದಾಗ ಅವರ ಯಜಮಾನರು ಮೇಸ್ತ್ರಿಯ ಕರಣೆಯನ್ನು ಕೇಳಿ ಪಡೆದು, ಮೂಲೆಯಲ್ಲಿ ತಾವೇ ಗೀರಿದ ಚೌಕಾಬಾರದ ಮನೆ. ಗೆರೆಗಳು ಸೊಟ್ಟ. ಯಜಮಾನರು ತೀರಿಕೊಂಡು ವರ್ಷಗಳಾಗಿವೆ. ಮಗನಿಗೂ ಅದರಲ್ಲೇ ಆಡಿ ಬೆಳೆದ ನೆನಪಿತ್ತು. ಗೀರಿದವರು ಯಾರೆಂದು ಮಾತ್ರ ತಿಳಿದಿರಲಿಲ್ಲವಂತೆ.

ಬಾಗಿಲ ಬಳಿಯ ಬಿರುಕನ್ನು ಸರಿಪಡಿಸಲು ಮಾಗಡಿ ರಸ್ತೆಯ ಕಡೆಯಿಂದ ಎಪ್ಪತ್ತರ ಸಮೀಪದ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆತಂದಿದ್ದರು. ಇಡೀ ಕೋಣೆಯಾಗಿದ್ದರೆ ಒಪ್ಪುತ್ತಿರಲಿಲ್ಲ, ಮೊಣಕಾಲು ಬಗ್ಗುವುದಿಲ್ಲ ಎಂದರಂತೆ. ಅವರ ಮಕ್ಕಳಿಬ್ಬರೂ ಟೈಲ್ಸ್ ಕೆಲಸದವರು. ಹೊಸ ಕೆಂಪು ಹಳೆಯದರೊಡನೆ ಕೂಡಿಲ್ಲವಲ್ಲ ಎಂದು ಮಗ ಆಕ್ಷೇಪಿಸಿದ್ದಕ್ಕೆ, ನಾಲ್ಕು ವರ್ಷ ಕಾಲು ಬೀಳಲಿ, ಆಮೇಲೆ ಹೇಳಿ ಎಂದಿದ್ದರು. ನಾವು ಹೋದಾಗ ಆ ತೇಪೆಯ ಮೇಲೆ ಇನ್ನೂ ಒದ್ದೆ ಗೋಣಿಚೀಲ ಹಾಸಿತ್ತು. ಮನೆಯವರೆಲ್ಲ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದರು. ದಿನಕ್ಕೆ ಮೂರು ಬಾರಿ ನೀರು ಚಿಮುಕಿಸುವ ಕೆಲಸವನ್ನು ಆ ತಾಯಿ ಸೊಸೆಗೂ ಬಿಟ್ಟುಕೊಟ್ಟಿರಲಿಲ್ಲ.