ಜೇಡ ಕಚ್ಚಿತೇ? ಗುರುತು ನೋಡಿ ಹೆಸರಿಡಿ



ಮಳೆ ಬಿದ್ದು ನಾಲ್ಕು ದಿನವಾಯಿತೆಂದರೆ ನಮ್ಮ ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಮಗುವಿನ ಕುತ್ತಿಗೆಗೆ ಜೇಡ ಉಚ್ಚೆ ಹೊಯ್ದಿದೆ." ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಆದರೂ ಈ ಮಾತು ಎರಡೂ ಕಡೆ ಒಂದೇ. ಮೈಮೇಲೆ ಉರಿ, ಗುಳ್ಳೆ, ಬಾವು ಏನೇ ಬರಲಿ, ಎಲ್ಲವನ್ನೂ ಜೇಡದ ಖಾತೆಗೆ ಬರೆದುಬಿಡುತ್ತೇವೆ. ಸರಕು ನೋಡದೆ ಬೆಲೆ ಕಟ್ಟಿದರೆ ಹಣ ನಷ್ಟ. ಇಲ್ಲಿ ಗುರುತು ನೋಡದೆ ಹೆಸರಿಟ್ಟರೆ ಜೀವವೇ ನಷ್ಟವಾದೀತು.

ಮೊದಲು ಜೇಡದ ವಿಷಯ. ಮನೆಯ ಗೋಡೆ, ಅಟ್ಟಗಳಲ್ಲಿರುವ ಹೆಚ್ಚಿನ ಜೇಡಗಳ ಹಲ್ಲು ನಮ್ಮ ಚರ್ಮಕ್ಕೆ ಇಳಿಯುವುದೇ ಇಲ್ಲ. ಕಚ್ಚಿದರೂ ಆ ಜಾಗದಲ್ಲಿ ನೋವು, ಕೆಂಪು, ಸ್ವಲ್ಪ ಬಾವು, ನವೆ ಇರುತ್ತದೆ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಸೋಪು ಹಚ್ಚಿ ತೊಳೆದು ತಣ್ಣೀರಿನ ಬಟ್ಟೆ ಇಟ್ಟರೆ ಸಾಕು. ಮೈತುಂಬ ರೋಮವಿರುವ ದೊಡ್ಡ ಕಾಡುಜೇಡಗಳ ಮಾತು ಬೇರೆ. ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಸಿಕ್ಕ ಅಂಥ ಒಂದು ನೀಲಿ ಜೇಡವನ್ನು ಪೋಕಾಕ್ ಎಂಬ ಪ್ರಾಣಿಶಾಸ್ತ್ರಜ್ಞರು 1899ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅದರ ನಿಜವಾದ ನೆಲೆ ನಂದ್ಯಾಲ, ಗಿದ್ದಲೂರು ನಡುವಿನ ಕಾಡು. ಈ ಬಗೆಯ ಜೇಡ ಕಚ್ಚಿದರೆ ಬಹಳ ನೋವು, ಕೈಕಾಲು ಸೆಳೆತ ಕೆಲವು ದಿನ ಇರಬಹುದು. ಡಾಕ್ಟರಿಗೆ ತೋರಿಸಬೇಕು.

ಹಾಗಾದರೆ ಮಗುವಿನ ಕುತ್ತಿಗೆಯ ಗುಳ್ಳೆ ಯಾವುದು? ಹೆಚ್ಚಾಗಿ ಅದು ಒಂದು ಸಣ್ಣ ಹುಳುವಿನ ಕೆಲಸ. ನೋಡಲು ಉದ್ದನೆಯ ಇರುವೆಯಂತೆ, ಕಿತ್ತಳೆ ಕೆಂಪು ಮತ್ತು ಕಪ್ಪು ಪಟ್ಟೆ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅದರ ವಿಷವಿರುವುದು ಮೈಯೊಳಗಿನ ರಸದಲ್ಲಿ. ಮೈಮೇಲೆ ಕೂತಾಗ ತಿಕ್ಕಿ ಕೊಂದರೆ ಒಂದೆರಡು ದಿನದಲ್ಲಿ ಗೆರೆ ಎಳೆದಂತೆ ಕೆಂಪಾಗಿ ಉರಿದು ಗುಳ್ಳೆ ಏಳುತ್ತದೆ. ಕೊಲ್ಲದೆ ಊದಿ ಅಥವಾ ಕಾಗದದಿಂದ ಸರಿಸಿದರೆ ಹುಳುವೂ ಉಳಿಯಿತು, ನಮ್ಮ ಚರ್ಮವೂ ಉಳಿಯಿತು. ಜೀವದಯೆಗೆ ಕೈಮೇಲೆ ಸಿಗುವ ಲಾಭವಿದು! ರಸ ತಾಗಿದರೆ ಕೂಡಲೇ ಸೋಪಿನಿಂದ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ.

ಇನ್ನು ನಿಜವಾಗಿ ಹೆದರಬೇಕಾದವು ಎರಡು.

ಒಂದು, ಕೆಂಪು ಚೇಳು. ಕಡಲೆಕಾಯಿ ಮೂಟೆ, ಕಲ್ಲಿನ ಸಂದು, ಹಳೆಯ ಗೋಣಿಚೀಲ ಇದರ ಮನೆ. ಬರೀ ನೋವಿದ್ದರೆ ಅಪಾಯ ಕಡಿಮೆ. ಆದರೆ ವಾಂತಿ, ಮೈತುಂಬ ಬೆವರು, ಕೈಕಾಲು ತಣ್ಣಗಾಗುವುದು, ಏದುಸಿರು ಕಂಡರೆ ವಿಷ ಹೃದಯಕ್ಕೆ ತಾಗಿದೆ ಎಂದು ತಿಳಿಯಿರಿ. ಮಕ್ಕಳಿಗೆ ಇದು ಹೆಚ್ಚು ಅಪಾಯ. ಮಹಾರಾಷ್ಟ್ರದ ಮಹಾಡ್ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಇದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಉಪಯೋಗವೆಂದು ತೋರಿಸಿ ಅನೇಕ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಾತ್ರೆಯನ್ನು ಡಾಕ್ಟರೇ ಕೊಡಬೇಕು, ನಾವಾಗಿ ನುಂಗಿಸುವುದಲ್ಲ.

ಎರಡು, ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಅಷ್ಟಾಗಿ ಇರುವುದಿಲ್ಲ. ಹಲ್ಲಿನ ಗುರುತೂ ಕಾಣದಿರಬಹುದು. "ಏನೋ ಜೇಡವಿರಬೇಕು" ಎಂದು ಮತ್ತೆ ಮಲಗುವುದೇ ಇಲ್ಲಿ ಮೋಸ. ಹೊಟ್ಟೆನೋವು, ಕಣ್ಣರೆಪ್ಪೆ ಜೋಲುವುದು, ನುಂಗಲು, ಮಾತಾಡಲು ತೊಡಕು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಇದಕ್ಕೆ ಹಾವಿನ ವಿಷದ ಚುಚ್ಚುಮದ್ದು ಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸಲು ಹೋಗುವುದು ಬೇಡ. 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ ಹೊರಡಿ.

ಗೋದಾಮಿನಲ್ಲಿ ಮೂಟೆ ಎತ್ತುವ ಆಳುಗಳಿಗೂ ಇದನ್ನು ಓದಿ ಹೇಳಿ. ಮೊದಲು ಕೈ ಹಾಕುವವರು ಅವರೇ. ಚಪ್ಪಲಿ, ಬಟ್ಟೆ ಕೊಡವಿ ಹಾಕಿಕೊಳ್ಳಿ. ಮಕ್ಕಳನ್ನು ಮಂಚದ ಮೇಲೆ, ಸೊಳ್ಳೆಪರದೆಯೊಳಗೆ ಮಲಗಿಸಿ. ಕಚ್ಚಿದ್ದು ಯಾವುದೆಂದು ತಿಳಿಯದಿದ್ದರೂ ಚಿಂತೆಯಿಲ್ಲ. ತೊಂದರೆ ಕಚ್ಚಿದ ಜಾಗದಲ್ಲೇ ಇದೆಯೋ, ಮೈಗೆಲ್ಲ ಏರುತ್ತಿದೆಯೋ ನೋಡಿ. ಏರುತ್ತಿದ್ದರೆ ಅಂಗಡಿ ಬಾಗಿಲು ಹಾಕಿಯಾದರೂ ಹೊರಡಿ.